ಕೋವಿಗೆ ಇನ್ಶೂರೆನ್ಸ್: ಮಲೆನಾಡಿನಿಂದ ಹೊಸದಾಗಿ ಬಂದವರಿಗೆ ನನ್ನ ನಷ್ಟದ ಲೆಕ್ಕ

ಕೋವಿ ಇದ್ದ ಮನೆಯಲ್ಲಿ ಬೆಳೆದು ಅಮೆರಿಕಕ್ಕೆ ಬಂದವರಿಗೆ ಇದು. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಕಡೆಯವರು ಇಲ್ಲಿ ಏಳೆಂಟು ವರ್ಷ ಕಳೆದು ಮನೆ ಕೊಂಡ ಮೇಲೆ ಒಬ್ಬೊಬ್ಬರಾಗಿ ನನಗೆ ಫೋನ್ ಮಾಡುತ್ತಾರೆ. ಮೊದಲು ಊರಿನ ಮಳೆ, ಆಮೇಲೆ ಅಡಿಕೆ ರೇಟು, ಕೊಳೆರೋಗ ಎಲ್ಲ ಮುಗಿಸಿ ಕೊನೆಗೆ ಮೆಲ್ಲಗೆ ಕೇಳುತ್ತಾರೆ, "ನಿಮ್ಮನೇಲಿ ನಾಲ್ಕೈದು ಕೋವಿ ಇದೆಯಂತಲ್ಲ, ಅದಕ್ಕೆ ಇನ್ಶೂರೆನ್ಸ್ ಹೇಗೆ?" ಪ್ರತಿಯೊಬ್ಬರಿಗೂ ಅದೇ ಕಥೆ ಹೇಳಿ ಸಾಕಾಗಿ ಬರೆದುಬಿಡೋಣ ಅಂತ ಕೂತೆ.

ಮೊದಲು ವೀಸಾ ವಿಷಯ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರುವವರು ಕೋವಿ, ತೋಟಾ ಇಟ್ಟುಕೊಳ್ಳುವುದು ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೊರಡಬೇಡಿ. ಗೆಳೆಯನ ಕೋವಿ ಹಿಡಿದು ಫೋಟೋ ತೆಗೆಸಿಕೊಳ್ಳುವ ಆಸೆಯನ್ನೂ ಬಿಡಿ. ಗ್ರೀನ್ ಕಾರ್ಡ್ ಬಂದ ಮೇಲೆ ಈ ತಡೆ ಇಲ್ಲ. ಅಲ್ಲಿಯವರೆಗೆ ಜಿಂಕೆಗಳನ್ನು ಕಿಟಕಿಯಿಂದ ನೋಡಿ.

ಈಗ ನನ್ನ ದಡ್ಡತನಕ್ಕೆ ಬರುತ್ತೇನೆ.

ನಾನಿರುವುದು ಪೆನ್ಸಿಲ್ವೇನಿಯಾದ ಗುಡ್ಡದ ಕಡೆ. ಗ್ರೀನ್ ಕಾರ್ಡ್ ಬಂದ ಮರುವರ್ಷವೇ ಪಕ್ಕದ ಮನೆಯ ಮುದುಕರ ಜೊತೆ ಬೇಟೆ ತರಗತಿಗೆ ಹೋಗಿ ಸರ್ಟಿಫಿಕೇಟು ತಂದೆ. ಒಂದು ಕೋವಿ ಬಂತು. ಆಮೇಲೆ ಇನ್ನೊಂದು. ಹಳೇ ಕೋವಿ ಕಂಡರೆ ಸುಮ್ನೆ ಇರಲಾಗದ ರೋಗ ಅಜ್ಜನಿಂದ ಬಂದದ್ದು. 1964ಕ್ಕೆ ಮುಂಚಿನ ಒಂದು ವಿಂಚೆಸ್ಟರ್ ಮಾಡೆಲ್ 70, ಬೆಲ್ಜಿಯಂನಲ್ಲಿ ಮಾಡಿದ ಒಂದು ಬ್ರೌನಿಂಗ್, ಒಂದು ಜೋಡುನಳಿಗೆ, ದುರ್ಬೀನು ಕೂರಿಸಿದ ಒಂದು ರೈಫಲ್. ಎಲ್ಲ ಸೇರಿ 7,300 ಡಾಲರ್. ಹೆಂಡತಿಗೆ ಹೇಳಿದ್ದು ಅದರ ಅರ್ಧ.

ಒಂದು ನವೆಂಬರಿನಲ್ಲಿ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹೋಗಿ ಬಿಸಿಬೇಳೆಬಾತ್ ತಿಂದು ಬರುವಷ್ಟರಲ್ಲಿ ಹಿಂದಿನ ಬಾಗಿಲು ಮುರಿದಿತ್ತು. ತಗಡಿನ ಕಪಾಟು ಗೋಡೆಗೆ ಬೋಲ್ಟ್ ಮಾಡಿರಲಿಲ್ಲ. ಕಪಾಟನ್ನೇ ಎತ್ತಿಕೊಂಡು ಹೋಗಿದ್ದರು ಮಾರಾಯ್ರೆ! ನಾನು ಮಾತ್ರ ಗಾಬರಿಯಾಗಲಿಲ್ಲ. ಮನೆ ಇನ್ಶೂರೆನ್ಸ್ ಇದೆಯಲ್ಲ, ವರ್ಷಾ ವರ್ಷಾ ಕಟ್ಟುತ್ತಿದ್ದೇನಲ್ಲ.

ಕೈಗೆ ಬಂದದ್ದು 1,500.

ಯಾಕೆ ಅಂತ ಹೇಳುತ್ತೇನೆ, ಇದೊಂದು ತಿಳಿದರೆ ಸಾಕು. ಇಲ್ಲಿನ ಸಾಮಾನ್ಯ ಮನೆ ಪಾಲಿಸಿಯಲ್ಲಿ ಸಾಮಾನಿಗೆಲ್ಲ ಸೇರಿ ಲಕ್ಷಾಂತರ ಡಾಲರ್ ಕವರೇಜ್ ಅಂತ ಮೊದಲ ಪುಟದಲ್ಲೇ ಇರುತ್ತದೆ. ಒಳಗೆ ಹೋದರೆ "ಸ್ಪೆಷಲ್ ಲಿಮಿಟ್ಸ್ ಆಫ್ ಲಯಬಿಲಿಟಿ" ಅಂತ ಒಂದು ಭಾಗ. ಲಯಬಿಲಿಟಿ ಅಂದರೆ ಯಾರೋ ನಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದು ಕೇಸು ಹಾಕುವ ವಿಷಯ ಅಂದುಕೊಂಡು ನಾನು ಆ ಪುಟ ತಿರುವಿ ಹಾಕಿದ್ದೆ. ಅದು ಅದಲ್ಲ. ಕೆಲವು ಸಾಮಾನಿಗೆ ಕಂಪನಿ ಇಷ್ಟರ ಮೇಲೆ ಕೊಡುವುದಿಲ್ಲ ಅನ್ನುವ ಪಟ್ಟಿ ಅದು. ಕೋವಿ ಕಳುವಾದರೆ ಸಾಮಾನ್ಯ ನಮೂನೆಯಲ್ಲಿ 2,500 ಡಾಲರ್. ಒಂದೊಂದಕ್ಕಲ್ಲ, ಎಲ್ಲ ಕೋವಿಗೂ ಸೇರಿ. ದುರ್ಬೀನು ಗಿರ್ಬೀನು ಕೂಡ ಅದರೊಳಗೇ. ನನ್ನ ಪಾಲಿಸಿಯಲ್ಲಿ ಅದರಲ್ಲೇ 1,000 ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ನಾವೇ ಹೊರಬೇಕಾದ ಪಾಲು, ಕಳೆದರು. ಇನ್ನೂ ತಮಾಷೆ ಅಂದರೆ ಈ ಮಿತಿ ಕಳ್ಳತನಕ್ಕೆ ಮಾತ್ರ. ಅದೇ ಕೋವಿಗಳು ಬೆಂಕಿಯಲ್ಲಿ ಸುಟ್ಟುಹೋಗಿದ್ದರೆ ಆ 2,500ರ ಮಿತಿ ಅಡ್ಡ ಬರುತ್ತಿರಲಿಲ್ಲ. ಕಂಪನಿಯಿಂದ ಕಂಪನಿಗೆ ಮೊತ್ತ, ಷರತ್ತು ಹೆಚ್ಚುಕಮ್ಮಿ ಇರುತ್ತದೆ, ಹಾಗಾಗಿ ನಿಮ್ಮ ಪಾಲಿಸಿಯ ಆ ಪುಟವನ್ನು ನೀವೇ ಓದಿ. ಬಾಡಿಗೆ ಮನೆಯವರಿಗೂ ಇದೇ ಕಥೆ, ಮನೆ ಮಾಲೀಕರ ಪಾಲಿಸಿ ನಿಮ್ಮ ಸಾಮಾನಿಗೆ ಬರುವುದಿಲ್ಲ, ನಿಮ್ಮದೇ ರೆಂಟರ್ಸ್ ಪಾಲಿಸಿ ಬೇಕು, ಅದರಲ್ಲೂ ಈ ಮಿತಿ ಕೂತಿರುತ್ತದೆ.

ಆ ಪುಟ ಓದುವಾಗ ಕೋವಿಯ ಹತ್ತಿರವೇ ಇನ್ನೊಂದು ಸಾಲು ಕಾಣಿಸುತ್ತದೆ. ಒಡವೆ ಕಳುವಾದರೆ 1,500. ನಾನು ಇದನ್ನು ಜೋರಾಗಿ ಓದಿದಾಗ ನನ್ನಾಕೆ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. "ನಮ್ಮಮ್ಮನ ಅವಲಕ್ಕಿ ಸರ?" ಅಂದಳು. ಆ ವಾರವೇ ಸರ ಮೊದಲು ಬೆಲೆ ಸಮೇತ ಪಾಲಿಸಿಗೆ ಸೇರಿತು, ಮತ್ತೆ ಕೊಂಡ ಕೋವಿ ಆಮೇಲೆ. ಕೋವಿ ಗೀವಿ ನಮಗೆ ಬೇಡ ಅನ್ನುವವರೂ ಇಷ್ಟು ಓದಿದ್ದಕ್ಕೆ ಇದೊಂದು ಮಾಡಿ.

ಎರಡನೇ ತಪ್ಪು ಇನ್ನೂ ನಾಚಿಕೆಯದು. ಪೊಲೀಸರು ಕೇಳಿದ್ದು ಸೀರಿಯಲ್ ನಂಬರ್. ನಂಬರ್ ಕೊಟ್ಟರೆ ಕಳುವಾದ ಕೋವಿಗಳ ರಾಷ್ಟ್ರೀಯ ದಾಖಲೆಗೆ ಹಾಕುತ್ತಾರೆ, ಎಲ್ಲಾದರೂ ಸಿಕ್ಕರೆ ಗೊತ್ತಾಗುತ್ತದೆ. ನನ್ನ ಹತ್ತಿರ ನಂಬರ್ ಎಲ್ಲಿದೆ? ರಸೀದಿಗಳು ಇದ್ದದ್ದು ಅದೇ ಕಪಾಟಿನಲ್ಲಿ. ಫೋಟೋ ಇದೆಯಾ ಅಂದರು. ಇದೆ ಅಂತ ಹುಮ್ಮಸ್ಸಿನಿಂದ ಫೋನ್ ತೆಗೆದೆ. ಇದ್ದದ್ದು ಆಯುಧಪೂಜೆಯ ಫೋಟೋ ಒಂದೇ. ನಾಲ್ಕೂ ಕೋವಿ ಸಾಲಾಗಿ, ಜೊತೆಗೆ ಕಾರಿನ ಕೀ, ಲ್ಯಾಪ್‌ಟಾಪು, ಕುಕ್ಕರು, ಎಲ್ಲದಕ್ಕೂ ಗಂಧ, ಕುಂಕುಮ. ಸೀರಿಯಲ್ ನಂಬರ್ ಇರುವ ಜಾಗದ ಮೇಲೆ ಸರಿಯಾಗಿ ಒಂದು ಚೆಂಡುಹೂವು. ನಾಲ್ಕಕ್ಕೂ! ಕ್ಲೇಮ್ ನೋಡಲು ಬಂದ ಅಡ್ಜಸ್ಟರ್ ಫೋಟೋವನ್ನು ದೊಡ್ಡದು ಮಾಡಿ ನೋಡಿ, ಈ ಕೆಂಪು ಏನು, ರಕ್ತವಾ ಅಂತ ಕೇಳಿದ. ಕುಂಕುಮ ಅಂದರೆ ಏನು ಅಂತ ಅವನಿಗೆ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಹೇಳಿದ್ದೇನೆ.

ಆಮೇಲೆ ಯೋಚಿಸಿದಾಗ ಅನ್ನಿಸಿದ್ದು, ಲೆಕ್ಕ ಇಡುವ ಅಭ್ಯಾಸವೇ ನಮಗಿಲ್ಲ, ಯಾಕೆಂದರೆ ಊರಲ್ಲಿ ಕೋವಿಯ ಲೆಕ್ಕ ಬೇರೆಯವರು ಇಡುತ್ತಿದ್ದರು. ಅಜ್ಜನದು ಒಂಟಿನಳಿಗೆಯ ಕೇಪಿನ ಕೋವಿ, ಬೆಳೆ ರಕ್ಷಣೆಗೆ ಅಂತ ತೆಗೆದುಕೊಂಡ ಲೈಸೆನ್ಸು. ತೋಟಕ್ಕೆ ಮಂಗ, ಗದ್ದೆಗೆ ಹಂದಿ ಬಂದರೆ ಒಂದು ಈಡು ಮೇಲಕ್ಕೆ. ಅದರ ನಂಬರ್ ಲೈಸೆನ್ಸ್ ಪುಸ್ತಕದಲ್ಲಿ, ಠಾಣೆಯಲ್ಲಿ, ಡಿಸಿ ಕಚೇರಿಯಲ್ಲಿ, ಮೂರು ಕಡೆ. ಎಲೆಕ್ಷನ್ ಬಂತು ಅಂದರೆ ಅಜ್ಜ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಠಾಣೆಗೆ ಒಯ್ದು ಜಮಾ ಮಾಡಿ ರಸೀದಿ ತರುತ್ತಿದ್ದ. ಎಲೆಕ್ಷನ್ ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರುವುದು. 2019ರ ತಿದ್ದುಪಡಿಯಿಂದ ಅಲ್ಲಿ ಒಬ್ಬರಿಗೆ ಎರಡೇ ಕೋವಿ, ಮೊದಲು ಮೂರು ಇತ್ತು. ಇಲ್ಲಿ ನೀವು ಹತ್ತು ಇಟ್ಟುಕೊಂಡರೂ ನಮ್ಮ ರಾಜ್ಯದಲ್ಲಿ ಮನೆಯ ಕೋವಿಗೆ ಅಂಥ ಲೈಸೆನ್ಸ್ ಪುಸ್ತಕ ಇಲ್ಲ. ಈ ಸ್ವಾತಂತ್ರ್ಯ ನೋಡಿ ನಾನು ಹಿಗ್ಗಿದ್ದೆ. ಯಾರೂ ಲೆಕ್ಕ ಕೇಳದಿದ್ದರೆ ಕಳೆದಾಗ ಯಾರ ಹತ್ತಿರವೂ ಲೆಕ್ಕ ಇರಲ್ಲ ಅನ್ನುವುದು ಹೊಳೆದಿರಲಿಲ್ಲ.

ಹಾಗಾಗಿ ಈಗ ಮಾಡಬೇಕಾದ್ದು: ಪ್ರತಿ ಕೋವಿಯ ಮೇಕು, ಮಾಡೆಲ್ಲು, ನಂಬರ್ ಬರೆದು, ಹೂವಿಲ್ಲದ ಫೋಟೋ ತೆಗೆದು, ರಸೀದಿ ಸ್ಕ್ಯಾನ್ ಮಾಡಿ, ಮನೆಯ ಹೊರಗೆ ಎಲ್ಲಾದರೂ ಒಂದು ಪ್ರತಿ ಇಡಿ. ಮುಗಿಯಿತು.

ಆಯ್ಕೆಯ ವಿಷಯಕ್ಕೆ ಬಂದರೆ ದಾರಿ ಎರಡು. ಮನೆ ಪಾಲಿಸಿಗೇ ಕೋವಿಗಳನ್ನು ಒಂದೊಂದಾಗಿ ಬೆಲೆ ಸಮೇತ ಸೇರಿಸುವುದು, ಇದಕ್ಕೆ ಶೆಡ್ಯೂಲ್ ಮಾಡಿಸುವುದು ಅನ್ನುತ್ತಾರೆ. ಇಲ್ಲವೇ ಸಂಗ್ರಹಕ್ಕೆಂದೇ ಮಾರುವ ಬೇರೆ ಪಾಲಿಸಿ. ಒಂದೆರಡು ಕೋವಿ ಇದ್ದರೆ ಮೊದಲನೆಯದೇ ಸಾಕು. ಶೆಡ್ಯೂಲ್ ಮಾಡಿಸಿದರೆ ಸಾಮಾನ್ಯವಾಗಿ ಡಿಡಕ್ಟಿಬಲ್ ಇರುವುದಿಲ್ಲ, ಎಲ್ಲಿ ಹೋಯಿತೋ ಗೊತ್ತಿಲ್ಲ ಅನ್ನುವಂತೆ ಕಾಣೆಯಾದರೂ ಬಹಳಷ್ಟು ಪಾಲಿಸಿಗಳಲ್ಲಿ ಕೊಡುತ್ತಾರೆ. ಕಾರಿನಿಂದ ಕಳುವಾದರೆ, ರಿಪೇರಿಗೆ ಕೊಟ್ಟಾಗ ಹೋದರೆ ಏನು ಅಂತ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. ಕಾರಿನ ಇನ್ಶೂರೆನ್ಸು ಕಾರೊಳಗಿನ ಸಾಮಾನಿಗೆ ಸಾಮಾನ್ಯವಾಗಿ ಬರಲ್ಲ.

ಬೆಲೆಯ ವಿಷಯದಲ್ಲಿ ಮಾತ್ರ ಜಗಳ ಆಡಿ. ಸವಕಲು ಕಳೆದು ಕೊಡುವ ಪಾಲಿಸಿ ಹಳೇ ಕೋವಿಗೆ ಸಲ್ಲ. ಫ್ರಿಜ್ಜು ಹಳೆಯದಾದರೆ ಬೆಲೆ ಇಳಿಯುತ್ತದೆ, 1964ಕ್ಕೆ ಮುಂಚಿನ ವಿಂಚೆಸ್ಟರ್ ಹಳೆಯದಾದಷ್ಟೂ ಜನ ಹುಡುಕಿಕೊಂಡು ಬರುತ್ತಾರೆ, ಯಾಕೆಂದರೆ ಆ ವರ್ಷ ಕಂಪನಿ ಖರ್ಚು ಉಳಿಸಲು ಮಾಡುವ ರೀತಿಯನ್ನೇ ಬದಲಾಯಿಸಿತು. ಮೊದಲೇ ಇಷ್ಟು ಅಂತ ಇಬ್ಬರೂ ಒಪ್ಪಿ ಬರೆದುಕೊಂಡ ಬೆಲೆಯ ಪಾಲಿಸಿ ಕೇಳಿ. ತಿಳಿದವರಿಂದ ಬೆಲೆ ಕಟ್ಟಿಸಿ. ಅದಕ್ಕೆ ಮುಂಚೆ ಕೋವಿಯ ಮರಕ್ಕೆ ಮರಳುಕಾಗದ ಉಜ್ಜಿ ಪಾಲಿಶ್ ಹೊಡೆಯಬೇಡಿ. ನಾನು ಒಂದಕ್ಕೆ ಹೊಡೆದಿದ್ದೆ, ಹೊಸದರ ಹಾಗೆ ಹೊಳೆಯಿತು. ಬೆಲೆ ಕಟ್ಟಲು ಬಂದವರು ಅದನ್ನು ನೋಡಿ ನಿಟ್ಟುಸಿರು ಬಿಟ್ಟರು. ಹಳೇ ಬಣ್ಣ ಹಾಗೇ ಇದ್ದರೇ ಬೆಲೆ ಜಾಸ್ತಿಯಂತೆ.

ತುಕ್ಕು ಯಾವ ಪಾಲಿಸಿಯಲ್ಲೂ ಬರಲ್ಲ ಅಂತಲೇ ಇಟ್ಟುಕೊಳ್ಳಿ. ಅಜ್ಜ ಮಳೆಗಾಲ ಪೂರ್ತಿ ಕೋವಿಯನ್ನು ಬಚ್ಚಲ ಒಲೆಯ ಬಿಸಿ ತಾಗುವ ಗೋಡೆಗೆ ತೂಗುಹಾಕಿ, ಕೊಬ್ಬರಿ ಎಣ್ಣೆ ಸವರುತ್ತಿದ್ದ. ನಾನೂ ಅದೇ ವಿದ್ಯೆ ಇಲ್ಲಿ ತೋರಿಸಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ ಅನ್ನುವುದು ಸ್ನಾನದ ಮನೆಯ ಬಾಟಲಿ ನೋಡಿ ಗೊತ್ತೇ ಇತ್ತು, ಆದರೂ ಡಿಸೆಂಬರಿನ ಹಿಮದಲ್ಲಿ ಕೋವಿಯ ಬೋಲ್ಟ್ ಎಳೆದರೆ ಬರದೇ ಹೋದಾಗಲೇ ಬುದ್ಧಿಗೆ ಬಂದದ್ದು. ಪಕ್ಕದ ಮನೆಯ ಮುದುಕರು ಮೂಸಿ ನೋಡಿ, ಏನೋ ತಿಂಡಿ ವಾಸನೆ ಅಂದರು. ಆಮೇಲೆ ಬೇಸ್‌ಮೆಂಟಿನಲ್ಲಿ ಇಡಬೇಡಿ. ಮನೆ ಪಾಲಿಸಿ ನೆರೆನೀರಿಗೆ ಬರಲ್ಲ, ಸರ್ಕಾರದ ಫ್ಲಡ್ ಇನ್ಶೂರೆನ್ಸು ಬೇಸ್‌ಮೆಂಟಿನ ಇಂಥ ಸಾಮಾನಿಗೆ ಬರಲ್ಲ. ಸೇಫನ್ನು ಮೇಲಿನ ಮಹಡಿಯಲ್ಲಿ ನೆಲಕ್ಕೆ ಬೋಲ್ಟ್ ಮಾಡಿಸಿ.

ನಿಮ್ಮ ಕೋವಿಯಿಂದ ಬೇರೆಯವರಿಗೆ ಏನಾದರೂ ಆದರೆ ಅನ್ನುವುದು ಬೇರೆಯೇ ಲೆಕ್ಕ. ಸಾಮಾನ್ಯ ಮನೆ ಪಾಲಿಸಿಯ ಲಯಬಿಲಿಟಿ 1,00,000 ಡಾಲರಿನಿಂದ ಶುರು, ಆಸ್ಪತ್ರೆಯ ಬಿಲ್ಲು ನೋಡಿದವರಿಗೆ ಅದು ಎಷ್ಟು ಕಡಿಮೆ ಅಂತ ಗೊತ್ತು. ಆ ಮೊತ್ತ ಮುಗಿದ ಮೇಲೆ ಕೊಡುವ ಅಂಬ್ರೆಲ್ಲಾ ಅಂತ 10 ಲಕ್ಷ ಡಾಲರಿನ ಪಾಲಿಸಿ ಸಿಗುತ್ತದೆ, ಮಾಡಿಸಿ. ಬೇಕೆಂದೇ ಹೊಡೆದದ್ದಕ್ಕೆ ಸಾಮಾನ್ಯವಾಗಿ ಇವೆರಡೂ ಬರಲ್ಲ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಮಗಳು ಎರಡನೇ ಕ್ಲಾಸಿನಲ್ಲಿ ಇದ್ದಾಗ ಅವಳ ಗೆಳತಿಯ ತಾಯಿ ಆಟಕ್ಕೆ ಕಳಿಸುವ ಮುಂಚೆ ಫೋನ್ ಮಾಡಿ, ನಿಮ್ಮ ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದೆಯಾ ಅಂತ ನೇರವಾಗಿ ಕೇಳಿದರು. ನನಗೆ ಸಿಟ್ಟು ಬಂತು. ನಮ್ಮ ಮೇಲೆ ಅನುಮಾನವಾ? ಊರಲ್ಲಿ ಜಗಲಿಯ ಗೂಟದ ಮೇಲೆ ಕೋವಿ ಬಾಯಿ ತೆರೆದುಕೊಂಡು ಇರುತ್ತಿತ್ತು, ಅದರ ಕೆಳಗೇ ನಾವು ಚೆನ್ನೆಮಣೆ ಆಡುತ್ತಿದ್ದೆವು. ಮದ್ದು, ಕೇಪು ಮಾತ್ರ ಅಟ್ಟದ ಮೇಲೆ, ಅಟ್ಟದ ಏಣಿ ಅಜ್ಜಿಯ ಸುಪರ್ದಿಯಲ್ಲಿ. ಆ ಮನೆಯಲ್ಲಿ ಯಾವಾಗಲೂ ಹತ್ತು ಜನ ದೊಡ್ಡವರು ಇರುತ್ತಿದ್ದರು ಅನ್ನುವುದು ಫೋನ್ ಇಟ್ಟ ಮೇಲೆ ನೆನಪಾಯಿತು. ಇಲ್ಲಿ ಸಂಜೆ ಐದರ ತನಕ ನಮ್ಮ ಮನೆಯಲ್ಲಿ ಮಗು ಒಂದೇ. ಈಗ ನಾನೇ ಬೇರೆಯವರಿಗೆ ಆ ಪ್ರಶ್ನೆ ಕೇಳುತ್ತೇನೆ. ಕೇಳುವುದು ಇಲ್ಲಿ ಅವಮಾನ ಅಲ್ಲ.

ಮಗಳಿಗೆ ಈಗ ಹದಿನಾರು. ಕೋವಿ ಅನ್ನುವ ಪದ ಅವಳಿಗೆ ಗೊತ್ತು, ಈಡು, ಕುದುರೆ ಎತ್ತುವುದು ಇವೆಲ್ಲ ಗೊತ್ತಿಲ್ಲ. ಹೋದ ವರ್ಷ ನನ್ನ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಕೊಟ್ಟವಳು ಅವಳೇ. ಎಲ್ಲ ಮುಗಿದ ಮೇಲೆ, "ಮುತ್ತಜ್ಜಂದು ಹಾಕಲಾ?" ಅಂದಳು. ಅದು ನಮ್ಮ ಹತ್ತಿರ ಇಲ್ಲವಲ್ಲೇ ಅಂದೆ. ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸ್ ಯಾರ ಹೆಸರಿಗೆ ಅಂತ ಒಂದು ವರ್ಷ ಎಳೆದಾಡಿ, ಅಪ್ಪನಿಗೂ ಬೇಡ, ನಾನು ಇಲ್ಲಿ, ಕೊನೆಗೆ ಚಿಕ್ಕಪ್ಪ ಒಯ್ದು ಠಾಣೆಗೆ ಒಪ್ಪಿಸಿ ಬಂದ. ಗೋಣಿಚೀಲ ವಾಪಸ್ಸು ತಂದನಂತೆ. ನಂಬರ್ ಏನು ಅಂತ ಮಗಳು ಕೇಳಿದಳು. ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ತಡಿಯಾ, ರಸೀದಿ ಇದೆ" ಅಂದು ಎರಡು ನಿಮಿಷದಲ್ಲಿ ಓದಿ ಹೇಳಿದ. ಪಟ್ಟಿಯ ಕೊನೇ ಸಾಲಿನಲ್ಲಿ ಅದು ಇದೆ, ಬೆಲೆಯ ಕಾಲಂ ಖಾಲಿ. ಏಜೆಂಟಿಗೆ ಕಳಿಸುವಾಗ ಆ ಸಾಲು ಅಳಿಸಿ ಕಳಿಸುತ್ತೇನೆ.

ಈ ಕಡೆ ಇರುವವರು ಆಯುಧಪೂಜೆಗೆ ನಮ್ಮ ಮನೆಗೆ ಬನ್ನಿ. ಕುಂಕುಮ, ಹೂವು ಈಗ ಸೇಫಿನ ಬಾಗಿಲಿಗೆ ಮಾತ್ರ.