ಗದ್ದೆಯಲ್ಲಿ ಇಳಿಯುವ ವಿಮಾನಕ್ಕೆ ಬಲ ಎಲ್ಲಿ ಬೇಕು?

ನಾನು ಆರ್‌ಸಿ (ರಿಮೋಟ್ ಕಂಟ್ರೋಲ್) ವಿಮಾನ ಹಾರಿಸುವುದು ಕೊಡಗಿನ ನಾಪೋಕ್ಲು ಕಡೆಯ ಗದ್ದೆಯಲ್ಲಿ. ಹುತ್ತರಿ ಮುಗಿದು, ಕೊಯ್ಲಾಗಿ, ನೆಲ ಒಣಗಿದ ಮೇಲೆ ಅದೇ ನನ್ನ ರನ್‌ವೇ. ಕೂಳೆ ಗಟ್ಟಿ, ನೆಲ ಉಬ್ಬುತಗ್ಗು, ಸುತ್ತ ಬದು. ವಿಮಾನದ ಬಿಡಿಭಾಗಗಳ ಕಿಟ್ ಮಾಡಿದವರು ಸಮತಟ್ಟು ಹುಲ್ಲಿನ ಮೈದಾನ ನೆನೆದು ಪ್ಲಾನ್ ಬರೆದಿರುತ್ತಾರೆ. ಹಾಗಾಗಿ ಒಂದೂವರೆ ಮೀಟರ್ ರೆಕ್ಕೆಯ ಬಾಲ್ಸಾ (ತುಂಬಾ ಹಗುರವಾದ ಮರ) ಟ್ರೈನರ್ (ಹಾರಿಸಲು ಕಲಿಯುವವರ ವಿಮಾನ) ಕಟ್ಟಲು ಕುಳಿತಾಗ, ಮೊದಲು ಪ್ಲಾನ್ ಮೇಲೆಯೇ ಪೆನ್ಸಿಲ್‌ನಿಂದ ತಿದ್ದಿಕೊಂಡೆ.

ಎಲ್ಲ ಕಡೆ ಪ್ಲೈವುಡ್ ಅಂಟಿಸಿದರೆ ತೂಕ ಜಾಸ್ತಿ. ತೂಕ ಜಾಸ್ತಿಯಾದರೆ ಇಳಿಯುವ ವೇಗ ಜಾಸ್ತಿ, ಆಗ ಪೆಟ್ಟೂ ಜಾಸ್ತಿ ಅಲ್ವಾ? ಅದಕ್ಕೇ ಒತ್ತಡ ಎಲ್ಲಿ ಬೀಳುತ್ತದೋ ಅಲ್ಲಿಗಷ್ಟೇ ಕೈ ಹಾಕಿದೆ.

ರೆಕ್ಕೆಯಲ್ಲಿ ಮೇಲೊಂದು ಕೆಳಗೊಂದು ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಮರದ ಪಟ್ಟಿ) ಇತ್ತು, ನಡುವೆ ಖಾಲಿ. ಡೈವ್‌ನಿಂದ ವಿಮಾನವನ್ನು ಮೇಲಕ್ಕೆಳೆದಾಗ ಮೇಲಿನ ಸ್ಪಾರ್ ಅದುಮಿಕೊಳ್ಳುತ್ತದೆ, ಕೆಳಗಿನದು ಜಗ್ಗಿಕೊಳ್ಳುತ್ತದೆ. ಎರಡನ್ನೂ ಹಿಡಿದಿಡುವುದು ಏನೂ ಇಲ್ಲದಿದ್ದರೆ ಮೇಲಿನದು ಬಾಗಿ ಮುರಿಯುತ್ತದೆ. ರಿಬ್‌ಗಳ (ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳ) ನಡುವೆ 1.5 ಮಿ.ಮೀ. ಬಾಲ್ಸಾದ ಶಿಯರ್ ವೆಬ್, ಅಂದರೆ ಎರಡೂ ಸ್ಪಾರ್ ಹಿಡಿದಿಡುವ ತೆಳು ಗೋಡೆ, ಕೂರಿಸಿದೆ. ಮರದ ಎಳೆ ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ನಿಲ್ಲಬೇಕು, ಅಡ್ಡ ಹಾಕಿದರೆ ಸೀಳಿಬಿಡುತ್ತದೆ. ಬುಡದಿಂದ ಅರ್ಧ ರೆಕ್ಕೆಯವರೆಗೆ ಸಾಕು, ತುದಿಯ ಕಡೆ ಅಷ್ಟು ಒತ್ತಡ ಇರುವುದಿಲ್ಲ. ಈ ವಿಮಾನಕ್ಕೆ ಮಾಡಿದ್ದರಲ್ಲಿ ಇದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲ. ಸೇರಿದ್ದು ಕೆಲವೇ ಗ್ರಾಂ. ಎರಡು ರೆಕ್ಕೆ ಸೇರುವ ಜಾಗಕ್ಕೆ 3 ಮಿ.ಮೀ. ಬರ್ಚ್ ಪ್ಲೈ (ಗಟ್ಟಿ ಪ್ಲೈವುಡ್), ಎಪಾಕ್ಸಿ ಅಂಟು, ಮೇಲೆ ಒಂದು ಸುತ್ತು ಗ್ಲಾಸ್ ಬಟ್ಟೆ.

ಲ್ಯಾಂಡಿಂಗ್ ಗೇರ್ ಬಗ್ಗೆ ಜಾಸ್ತಿ ಯೋಚಿಸಿದೆ. ಕಿಟ್‌ನ ಲೈಟ್ ಪ್ಲೈ (ಹಗುರ, ಮೆತ್ತನೆಯ ಪ್ಲೈವುಡ್) ತೆಗೆದು ಬರ್ಚ್ ಪ್ಲೈ ಹಲಗೆ ಹಾಕಿದೆ, ಪಕ್ಕದ ಗೋಡೆಗಳಿಗೆ ಸೇರುವಲ್ಲಿ ತ್ರಿಕೋನದ ಪಟ್ಟಿ ಕೊಟ್ಟೆ. ಆದರೆ ಗೇರ್ ಬಿಗಿದದ್ದು ನೈಲಾನ್ ಬೋಲ್ಟ್‌ನಿಂದ. ಚಕ್ರ ಬದುವಿಗೆ ಬಡಿದರೆ ಬೋಲ್ಟ್ ತುಂಡಾಗಲಿ, ಹೊಟ್ಟೆ ಉಳಿಯಲಿ. ಸ್ಟೀಲ್ ಬೋಲ್ಟ್ ಹಾಕಿದ್ದರೆ ಆ ಪೆಟ್ಟು ಸೀದಾ ಬಾಡಿಯೊಳಗೆ ಹೋಗುತ್ತದೆ. ಚಕ್ರವನ್ನೂ ದೊಡ್ಡದು ಮಾಡಿದೆ, ಸಣ್ಣ ಚಕ್ರ ಕೂಳೆಗೆ ಸಿಕ್ಕಿ ವಿಮಾನ ಮೂಗು ಕುಟ್ಟುತ್ತದೆ.

ಬಾಲಕ್ಕೆ ಏನನ್ನೂ ಸೇರಿಸಲಿಲ್ಲ. ಇಂಥ ವಿಮಾನದಲ್ಲಿ ತೂಕ ಸಮವಾಗುವ ಬಿಂದುವಿನಿಂದ ಬಾಲ ಮೂಗಿಗಿಂತ ಸುಮಾರು ಮೂರು ಪಟ್ಟು ದೂರ. ಅಲ್ಲಿ 10 ಗ್ರಾಂ ಸೇರಿದರೆ ಅದನ್ನು ಸರಿದೂಗಿಸಲು ಮೂಗಿಗೆ 30 ಗ್ರಾಂ ಬೇಕು. ಒಂದೇ ಅಳತೆಯ ಬಾಲ್ಸಾ ಹಾಳೆಗಳ ತೂಕದಲ್ಲೂ ತುಂಬಾ ವ್ಯತ್ಯಾಸ ಇರುತ್ತದೆ. ತಕ್ಕಡಿಯಲ್ಲಿಟ್ಟು, ಹಗುರವಾದದ್ದನ್ನು ಬಾಲಕ್ಕೆ ಎತ್ತಿಟ್ಟೆ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕಟ್ಟುವಾಗ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಬಾಲ್ಸಾ ತೇವ ಎಳೆದುಕೊಳ್ಳುತ್ತದೆ. ನಾನು ಹಾಳೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ, ಭಾರ ಹೇರಿ, ಚಪ್ಪಟೆಯಾಗಿ ಇಡುತ್ತೇನೆ. ಸಿಎ ಅಂಟಿಗೆ (ಸೂಪರ್ ಗ್ಲೂ) ತೇವ ಇದ್ದರೆ ಬೇಗ ಹಿಡಿಯುತ್ತದೆ. ಬಿಳಿ ಅಂಟು ಹಾಗಲ್ಲ, ಪೂರ್ತಿ ಒಣಗುವ ಮುಂಚೆ ರೆಕ್ಕೆಯನ್ನು ಬೋರ್ಡಿನಿಂದ ಎತ್ತಿದರೆ ತಿರುಚಿಕೊಳ್ಳುತ್ತದೆ. ಫಿಲ್ಮ್ (ಇಸ್ತ್ರಿಯಿಂದ ಅಂಟಿಸುವ ತೆಳು ಪ್ಲಾಸ್ಟಿಕ್ ಹಾಳೆ) ಹೊದಿಸುವುದನ್ನಂತೂ ತುಲಾ ಸಂಕ್ರಮಣ ಕಳೆದು ಬಿಸಿಲು ಕಾಣುವವರೆಗೆ ಮುಂದೂಡಿದೆ. ಹಸಿ ಮರದ ಮೇಲೆ ಇಸ್ತ್ರಿ ಇಟ್ಟರೆ ಗುಳ್ಳೆ ಏಳುತ್ತದೆ. ಮರ ಒಣಗಿ ಕುಗ್ಗಿದ ಮೇಲೆ ಫಿಲ್ಮ್ ಸುಕ್ಕಾಗುತ್ತದೆ.

ಬ್ಯಾಲೆನ್ಸ್ ನೋಡಿದ್ದು ಫಿಲ್ಮ್ ಹೊದಿಸಿದ ಮೇಲೆ, ಫಿಲ್ಮ್‌ನಿಂದ ಬಾಲಕ್ಕೂ ತೂಕ ಬರುತ್ತದೆ. ಸೀಸ ಹಾಕದೆ, ಬ್ಯಾಟರಿಯನ್ನೇ ಮುಂದಕ್ಕೆ ಸರಿಸಿ, ಬ್ಯಾಲೆನ್ಸ್ ಬಿಂದುವನ್ನು ಪ್ಲಾನ್‌ನಲ್ಲಿ ಗುರುತಿಸಿದ ಜಾಗಕ್ಕೆ ತಂದೆ.