ಐರ್ಲೆಂಡ್‌ಗೆ ಹೊಸದಾಗಿ ಬಂದಿದ್ದೀರಾ? ಇಲ್ಲಿನ ಹಳೆ ಆಟಗಾರರ ಕಥೆ ಗೊತ್ತಿರಲಿ

ಡಬ್ಲಿನ್‌ಗೆ ಬಂದಿಳಿದವರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠವಾಗಿವೆ. ಬಾಡಿಗೆ ಮನೆ ಹುಡುಕೋದು ಹೇಗೆ, ಪಿಪಿಎಸ್ ನಂಬರ್‌ಗೆ (ಇಲ್ಲಿನ ಸರ್ಕಾರ ಕೊಡುವ ಗುರುತಿನ ನಂಬರ್) ಏನೇನು ಕಾಗದ ಬೇಕು, ಸೋನಾ ಮಸೂರಿ ಎಲ್ಲಿ ಸಿಗುತ್ತೆ. ಇವಕ್ಕೆಲ್ಲ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆರು ತಿಂಗಳಾದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. "ಎಲ್ಲರೂ ಒಳ್ಳೆಯವರೇ. ಆದರೆ ಮಳೆ, ಚಳಿ ಬಿಟ್ಟರೆ ಇವರ ಹತ್ತಿರ ಬೇರೇನು ಮಾತಾಡೋದು?" ಈ ಬರಹ ಆ ಪ್ರಶ್ನೆಗೆ.

ನನ್ನ ಸಲಹೆ ಇಷ್ಟೇ. ಇಲ್ಲಿನ ಹಳೆಯ ಫುಟ್‌ಬಾಲ್ ಆಟಗಾರರು ಈಗ ಏನು ಮಾಡುತ್ತಿದ್ದಾರೆ ಅಂತ ಕೇಳಿ. ಈಗ ಆಡುವವರ ಬಗ್ಗೆ ಅಲ್ಲ, ಆಡಿ ಮುಗಿಸಿದವರ ಬಗ್ಗೆ. ನಮ್ಮ ಮನೆಗಳಲ್ಲಿ ಜಿ. ಆರ್. ವಿಶ್ವನಾಥ್ ಹೆಸರು ಬಂದಾಗ ಹಿರಿಯರ ದನಿ ಮೆತ್ತಗಾಗುತ್ತದಲ್ವಾ, ಅದೇ ದನಿ ಇಲ್ಲೂ ಕೇಳಿಸುತ್ತದೆ.

ಕೇಳುವ ಮೊದಲು ಒಂದು ವಿಷಯ ತಿಳಿದಿರಲಿ. ಇಲ್ಲಿ ಬರೀ "ಫುಟ್‌ಬಾಲ್" ಅಂದರೆ ಹಲವರಿಗೆ, ಅದರಲ್ಲೂ ಹಳ್ಳಿ ಕಡೆಯವರಿಗೆ, ಗೇಲಿಕ್ ಫುಟ್‌ಬಾಲ್. ಅದು ಬೇರೆಯೇ ಆಟ, ಚೆಂಡನ್ನು ಕೈಯಲ್ಲೂ ಹಿಡಿಯುತ್ತಾರೆ. ನಾವು ಫುಟ್‌ಬಾಲ್ ಅನ್ನುವುದಕ್ಕೆ ಇಲ್ಲಿ ಸಾಕರ್ ಅನ್ನುವುದೇ ಜಾಸ್ತಿ. ಇನ್ನೊಂದು, ಉತ್ತರ ಐರ್ಲೆಂಡ್‌ಗೆ ಸಾಕರ್‌ನಲ್ಲಿ ಬೇರೆ ತಂಡ. ಬೆಲ್‌ಫಾಸ್ಟ್‌ನ ಜಾರ್ಜ್ ಬೆಸ್ಟ್ ಆಡಿದ್ದು ಆ ತಂಡಕ್ಕೆ. ರಗ್ಬಿಯಲ್ಲಾದರೆ ಇಡೀ ದ್ವೀಪಕ್ಕೆ ಒಂದೇ ತಂಡ. ಇದನ್ನು ಕಲಸುಮೇಲೋಗರ ಮಾಡಿದರೆ ಯಾರೂ ಬೈಯಲ್ಲ, ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ನನಗೆ ಇದೆಲ್ಲ ಗೊತ್ತಾಗಿದ್ದು ಪಕ್ಕದ ಮನೆಯ ಅಜ್ಜನಿಂದ. ಒಂದು ಸಂಜೆ ಇಬ್ಬರೂ ಕಸದ ಬಿನ್ ರಸ್ತೆಗೆ ಇಡುತ್ತಿದ್ದೆವು. ಅವರು ಹಸಿರು ಬಿನ್ ನಿಲ್ಲಿಸಿ, ಗೇಟಿನ ಎರಡು ಕಂಬಗಳ ನಡುವೆ ನಿಂತು, ಎರಡೂ ಕೈ ಚಾಚಿ ತೋರಿಸಿದರು. 1990ರ ಜೂನ್ 25, ಇಟಲಿಯ ಜಿನೋವಾ ಊರು. ರುಮೇನಿಯಾ ಜೊತೆ ಪೆನಾಲ್ಟಿ ಹೊಡೆತಗಳು. ರುಮೇನಿಯಾದ ಟಿಮೋಫ್ಟೆ ಹೊಡೆದ ಚೆಂಡನ್ನು ಐರ್ಲೆಂಡ್ ಗೋಲ್‌ಕೀಪರ್ ಪ್ಯಾಕಿ ಬಾನರ್ ಹಾರಿ ತಡೆದರು. ಆಮೇಲೆ ಡೇವಿಡ್ ಓ'ಲಿಯರಿ ಗೋಲು ಹೊಡೆದರು. ಐರ್ಲೆಂಡ್ ತನ್ನ ಮೊದಲ ವಿಶ್ವಕಪ್‌ನಲ್ಲೇ ಕ್ವಾರ್ಟರ್ ಫೈನಲ್‌ಗೆ ಹೋಯಿತು. ಅಲ್ಲಿಯವರೆಗೆ ನಾಲ್ಕು ಪಂದ್ಯ ಆಡಿ ನಾಲ್ಕೂ ಡ್ರಾ, ಹೊಡೆದದ್ದು ಎರಡೇ ಗೋಲು. ಮುಂದಿನ ಪಂದ್ಯದಲ್ಲಿ ಇಟಲಿ 1-0ರಿಂದ ಸೋಲಿಸಿತು. ಆದರೂ ತಂಡ ವಾಪಸ್ ಬಂದಾಗ ಡಬ್ಲಿನ್ ಬೀದಿಯಲ್ಲಿ ಲಕ್ಷಾಂತರ ಜನ. ಅಜ್ಜ ಹೇಳಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. "ಬಾನರ್ ಈಗ ಎಲ್ಲಿದ್ದಾರೆ?" ಅಂತ ಕೇಳಿದೆ. ಆ ಒಂದು ಪ್ರಶ್ನೆಗೆ ಇನ್ನೂ ಅರ್ಧ ಗಂಟೆ ನಿಂತರು. ಬಾನರ್ ಡನೆಗಾಲ್ ಜಿಲ್ಲೆಯವರು. ಆಟ ಬಿಟ್ಟ ಮೇಲೆ ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಟ್ಟರು, ದೇಶದ ಫುಟ್‌ಬಾಲ್ ಸಂಸ್ಥೆಯಲ್ಲಿ ತಾಂತ್ರಿಕ ನಿರ್ದೇಶಕರಾಗಿದ್ದರು.

ಆ ತಂಡ ಕಟ್ಟಿದವರು ಜ್ಯಾಕ್ ಚಾರ್ಲ್‌ಟನ್. ಅವರು ಇಂಗ್ಲೆಂಡಿನವರು. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಆ ತಂಡದಲ್ಲಿ ಆಡಿದವರು. ಈ ಎರಡು ದೇಶಗಳ ಚರಿತ್ರೆ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಅರ್ಥವಾಗುತ್ತದೆ. 1986ರಿಂದ ಸುಮಾರು ಹತ್ತು ವರ್ಷ ಅವರು ಐರ್ಲೆಂಡ್ ತಂಡ ನಡೆಸಿದರು. 1988ರ ಜೂನ್ 12ರಂದು ಸ್ಟುಟ್‌ಗಾರ್ಟ್‌ನಲ್ಲಿ ಇದೇ ತಂಡ ಇಂಗ್ಲೆಂಡನ್ನು 1-0ರಿಂದ ಸೋಲಿಸಿತು. ರೇ ಹೌಟನ್ ತಲೆಯಿಂದ ಹೊಡೆದ ಗೋಲು ಅದು. ಬಿಟ್ಟ ಮೇಲೆ ಜ್ಯಾಕ್‌ಗೆ ಐರ್ಲೆಂಡ್ ಗೌರವ ಪೌರತ್ವ ಕೊಟ್ಟಿತು. ಮೇಯೋ ಜಿಲ್ಲೆಯ ಬಾಲಿನಾದಲ್ಲಿ ಅವರಿಗೊಂದು ಮನೆ ಇತ್ತು. ಮೊಯ್ ನದಿಯಲ್ಲಿ ಸಾಲ್ಮನ್ ಹಿಡಿಯುವುದು ಅವರಿಗೆ ಪ್ರಾಣ. ಕಾರ್ಕ್ ವಿಮಾನ ನಿಲ್ದಾಣಕ್ಕೆ ಹೋದರೆ ಅವರ ಪ್ರತಿಮೆ ನೋಡಿ. ಚೆಂಡಿನ ಜೊತೆ ಅಲ್ಲ, ಮೀನಿನ ಜೊತೆ ಕೂತಿದ್ದಾರೆ. ನಿವೃತ್ತಿಯಲ್ಲಿ ಅವರಿಗೆ ಯಾವುದು ಇಷ್ಟ ಇತ್ತೋ ಹಾಗೇ ಅವರನ್ನು ನೆನಪಿಟ್ಟುಕೊಂಡಿದ್ದಾರೆ. ನನಗೆ ಅದು ತುಂಬ ಹಿಡಿಸಿತು.

ಇನ್ನು ಪಾಲ್ ಮೆಗ್ರಾತ್. ನೀವು ಒಬ್ಬರ ಹೆಸರು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇವರದ್ದು ಇಟ್ಟುಕೊಳ್ಳಿ.

1959ರಲ್ಲಿ ಲಂಡನ್‌ನಲ್ಲಿ ಹುಟ್ಟಿದರು. ತಾಯಿ ಐರಿಷ್, ತಂದೆ ನೈಜೀರಿಯಾದವರು. ಆ ಕಾಲದಲ್ಲಿ ಮದುವೆಯಾಗದ ಹುಡುಗಿ ಕಪ್ಪು ಬಣ್ಣದ ಮಗುವನ್ನು ಹೊತ್ತು ಡಬ್ಲಿನ್‌ಗೆ ಬರುವುದು ಸುಲಭ ಇರಲಿಲ್ಲ. ಮಗು ಬೆಳೆದದ್ದು ಇಲ್ಲಿನ ಅನಾಥಾಲಯಗಳಲ್ಲಿ. ಮೊದಲು ಇಂಚಿಕೋರ್‌ನ ಸೇಂಟ್ ಪ್ಯಾಟ್ರಿಕ್ಸ್ ಕ್ಲಬ್, ಆಮೇಲೆ ಮ್ಯಾಂಚೆಸ್ಟರ್ ಯುನೈಟೆಡ್, ಆಮೇಲೆ ಆಸ್ಟನ್ ವಿಲ್ಲಾ. ಮೊಣಕಾಲು ಎಷ್ಟು ಹಾಳಾಗಿತ್ತು ಅಂದರೆ ವಾರವಿಡೀ ಅಭ್ಯಾಸಕ್ಕೆ ಬರದೆ ಪಂದ್ಯದ ದಿನ ಸುಮ್ನೆ ಬಂದು ಆಡುತ್ತಿದ್ದರು. ಹಾಗೆ ಆಡಿಯೂ 1993ರಲ್ಲಿ ಇಂಗ್ಲೆಂಡಿನ ವೃತ್ತಿಪರ ಆಟಗಾರರೇ ಮತ ಹಾಕಿ ಅವರನ್ನು ವರ್ಷದ ಆಟಗಾರ ಅಂತ ಆರಿಸಿದರು.

ಕುಡಿತ ಅವರನ್ನು ಆಡುವಾಗಲೂ ಬಿಡಲಿಲ್ಲ, ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ, 2006ರಲ್ಲಿ ಬಂದ ಆತ್ಮಕಥೆಯಲ್ಲೂ ಬರೆದಿದ್ದಾರೆ. ವೆಕ್ಸ್‌ಫರ್ಡ್ ಕಡೆ ಹೋಗಿ ನೆಲೆಸಿದರು. ಇಲ್ಲಿನ ಜನ ಈ ವಿಷಯ ಮಾತಾಡುವ ರೀತಿ ಗಮನಿಸಿ. "ಅಯ್ಯೋ ಹಾಳಾಗಿಹೋದ" ಅನ್ನುವುದಿಲ್ಲ. "ಚೆನ್ನಾಗಿದ್ದಾನಂತೆ" ಅನ್ನುವ ಸುದ್ದಿ ಕೇಳಿದರೆ ಮನೆಮಗನ ಸುದ್ದಿ ಕೇಳಿದ ಹಾಗೆ ಖುಷಿಪಡುತ್ತಾರೆ. ಆದ್ದರಿಂದ ದಯವಿಟ್ಟು ನೀವೂ ಕುಡಿತದ ಮಾತನ್ನು ಹಗುರವಾಗಿ ಎತ್ತಬೇಡಿ. ಎಷ್ಟೋ ಮನೆಗಳಲ್ಲಿ ಅದೇ ನೋವು ಇದೆ.

ನಮ್ಮಂಥವರಿಗೆ ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತದೆ. ಬಸ್ಸಿನಲ್ಲಿ ಯಾರೋ ಒಬ್ಬ ನಿಮ್ಮ ಬಣ್ಣ ನೋಡಿ ಏನಾದರೂ ಅಂದ ದಿನ ಈ ದೇಶವೇ ಬೇಡ ಅನ್ನಿಸಬಹುದು. ನನಗೂ ಅಂಥ ದಿನಗಳು ಬಂದಿವೆ. ಆ ದಿನ ಇದನ್ನೂ ನೆನಪಿಸಿಕೊಳ್ಳಿ: ಈ ದೇಶ ಎಲ್ಲರಿಗಿಂತ ಜಾಸ್ತಿ ಪ್ರೀತಿಸಿದ ಆಟಗಾರ ಕಪ್ಪು ಬಣ್ಣದವರು. ಅವರೂ ಇಲ್ಲೇ ಆ ಮಾತುಗಳನ್ನು ಕೇಳಿ ಬೆಳೆದವರು.

ಜ್ಯಾಕ್‌ಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂತು. ಐರ್ಲೆಂಡ್‌ನ ಹತ್ತು ವರ್ಷಗಳಲ್ಲಿ ಹೆಚ್ಚೇನೂ ನೆನಪಿರಲಿಲ್ಲ. ಮನೆಯಲ್ಲಿ ಹಳೆಯ ಪಂದ್ಯಗಳ ಚಿತ್ರ ತೋರಿಸಿದಾಗ ಅವರು ಗುರುತು ಹಿಡಿದದ್ದು ಪಾಲ್ ಮೆಗ್ರಾತ್ ಅವರನ್ನು. 2020ರ ಜುಲೈನಲ್ಲಿ ಜ್ಯಾಕ್ ತೀರಿಕೊಂಡರು, 85 ವರ್ಷ.

ಮೆಗ್ರಾತ್ ಮಾತು ಬಂದಾಗ 1994ರ ಜೂನ್ 18ರ ಪಂದ್ಯ ಬಂದೇ ಬರುತ್ತದೆ. ಅಮೆರಿಕದ ಜೈಂಟ್ಸ್ ಸ್ಟೇಡಿಯಂನಲ್ಲಿ ಇಟಲಿಯನ್ನು 1-0ರಿಂದ ಸೋಲಿಸಿದ ದಿನ, ಮತ್ತೆ ಹೌಟನ್ ಗೋಲು. ಆ ಮಾತಿನ ನಡುವೆ ಯಾರಾದರೂ ಒಮ್ಮೆಲೇ ಸುಮ್ಮನಾದರೆ ಕಾರಣ ಗೊತ್ತಿರಲಿ. ಅದೇ ರಾತ್ರಿ ಉತ್ತರ ಐರ್ಲೆಂಡ್‌ನ ಲಾಕಿನ್‌ಐಲೆಂಡ್ ಹಳ್ಳಿಯ ಪಬ್‌ನಲ್ಲಿ ಈ ಪಂದ್ಯ ನೋಡುತ್ತಾ ಕೂತಿದ್ದ ಆರು ಜನರನ್ನು ಬಂದೂಕುಧಾರಿಗಳು ಕೊಂದರು.

ಈಗಿನ ಹಾಗೆ ಆಗ ಫುಟ್‌ಬಾಲ್‌ನಲ್ಲಿ ದುಡ್ಡು ಇರಲಿಲ್ಲ. ಆಟ ಬಿಟ್ಟ ಮೇಲೆ ದುಡಿದು ತಿನ್ನಬೇಕಿತ್ತು. ಬೆಲ್‌ಫಾಸ್ಟ್‌ನ ನಾರ್ಮನ್ ವೈಟ್‌ಸೈಡ್ 1982ರಲ್ಲಿ 17 ವರ್ಷ 41 ದಿನಕ್ಕೇ ವಿಶ್ವಕಪ್ ಆಡಿ ಪೆಲೆಯ ದಾಖಲೆ ಮುರಿದವರು. ಮೊಣಕಾಲು ಕೈಕೊಟ್ಟು 26ಕ್ಕೇ ಆಟ ಮುಗಿಯಿತು. ಆಮೇಲೆ ಕಾಲೇಜಿಗೆ ಸೇರಿ ಪಾದದ ಚಿಕಿತ್ಸೆ ಕಲಿತು ಅದನ್ನೇ ವೃತ್ತಿ ಮಾಡಿಕೊಂಡರು. ವೆಕ್ಸ್‌ಫರ್ಡ್‌ನ ಕೆವಿನ್ ಡಾಯ್ಲ್ ತಲೆಗೆ ಬಿದ್ದ ಪೆಟ್ಟುಗಳಿಂದ ವೈದ್ಯರ ಮಾತು ಕೇಳಿ 2017ರಲ್ಲಿ ಆಟ ನಿಲ್ಲಿಸಿದರು, ಊರಿಗೆ ಬಂದು ಕುದುರೆ ಸಾಕಣೆ ಮಾಡುತ್ತಿದ್ದಾರೆ. ನೈಲ್ ಕ್ವಿನ್ 2002ರಲ್ಲಿ ತಮ್ಮ ಗೌರವಾರ್ಥ ನಡೆದ ಪಂದ್ಯದ ಹಣವನ್ನೆಲ್ಲ ಮಕ್ಕಳ ಆಸ್ಪತ್ರೆ ಮುಂತಾದವಕ್ಕೆ ಕೊಟ್ಟುಬಿಟ್ಟರು. ಹತ್ತು ಲಕ್ಷ ಪೌಂಡ್‌ಗಿಂತ ಜಾಸ್ತಿ ದುಡ್ಡು ಅದು. ಜಾನ್ ಜೈಲ್ಸ್, ಲಿಯಾಮ್ ಬ್ರೇಡಿ ಟಿವಿಯಲ್ಲಿ ಕೂತು ವರ್ಷಗಟ್ಟಲೆ ಆಟ ಬಿಡಿಸಿ ಹೇಳಿದರು. ಇಲ್ಲಿ ಒಂದು ತಲೆಮಾರು ಆಟ ಕಲಿತದ್ದೇ ಅವರ ಮಾತು ಕೇಳಿ.

ರಾಬಿ ಕೀನ್ ಹೆಸರು ನಮ್ಮವರಿಗೂ ಗೊತ್ತು. ಅವರು ಡಬ್ಲಿನ್‌ನ ಟಾಲಾದವರು, ಅಲ್ಲಿ ನಮ್ಮ ಭಾರತೀಯ ಮನೆಗಳೂ ಬೇಕಾದಷ್ಟಿವೆ. ದೇಶಕ್ಕಾಗಿ 146 ಪಂದ್ಯ, 68 ಗೋಲು. ಕೊನೆಯದಾಗಿ ಆಡಿದ್ದು 2017-18ರಲ್ಲಿ ಐಎಸ್‌ಎಲ್‌ನ ಕೋಲ್ಕತ್ತಾ ತಂಡಕ್ಕೆ. ನೀವು ಬೆಂಗಳೂರು ಎಫ್‌ಸಿ ಅಭಿಮಾನಿಯಾಗಿದ್ದರೆ ಅದನ್ನೇ ಹೇಳಿ ಮಾತು ಶುರು ಮಾಡಿ. ಇಲ್ಲಿನವರಿಗೆ ಆ ಅಧ್ಯಾಯ ಅಷ್ಟಾಗಿ ಗೊತ್ತಿರಲ್ಲ, ಕುತೂಹಲದಿಂದ ಕೇಳುತ್ತಾರೆ.

ರಾಯ್ ಕೀನ್ ವಿಷಯದಲ್ಲಿ ಮಾತ್ರ ಹುಷಾರು. ಕಾರ್ಕ್‌ನವರು. 2002ರ ವಿಶ್ವಕಪ್‌ಗೆ ಮೊದಲು ಸೈಪನ್ ದ್ವೀಪದಲ್ಲಿ ಅಭ್ಯಾಸದ ವ್ಯವಸ್ಥೆ ಸರಿಯಿಲ್ಲ ಅಂತ ಮ್ಯಾನೇಜರ್ ಮಿಕ್ ಮೆಕಾರ್ಥಿ ಜೊತೆ ಜಗಳವಾಗಿ ಮನೆಗೆ ವಾಪಸ್ ಬಂದರು. ನಾಯಕನೇ ಇಲ್ಲದೆ ತಂಡ ಆಡಿತು. ಯಾರದ್ದು ತಪ್ಪು ಅಂತ ಅಣ್ಣತಮ್ಮಂದಿರೇ ಇವತ್ತಿಗೂ ವಾದ ಮಾಡುತ್ತಾರೆ. ಹೊಸಬರು ಪಕ್ಷ ಹಿಡಿಯುವುದು ಬೇಡ, ಎರಡೂ ಕಡೆ ಕೇಳಿಸಿಕೊಳ್ಳಿ. ಅದೇ ರಾಯ್ ಕೀನ್ ಈಗ ಟಿವಿಯಲ್ಲಿ ಖಾರವಾಗಿ ಮಾತಾಡುತ್ತಾರೆ. ಅಂಧರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುವ ಸಂಸ್ಥೆಗೆ ವರ್ಷಗಳಿಂದ ಜೊತೆ ನಿಂತಿದ್ದಾರೆ.

ಕಾರ್ಕ್‌ನಲ್ಲಿ ನೆಲೆಸುವವರಿಗೆ ಇನ್ನೊಂದು ಕಥೆ. ಅಲ್ಲಿನ ಆಟಗಾರ ಲಿಯಾಮ್ ಮಿಲರ್ 2018ರ ಫೆಬ್ರವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, ಬರೀ 36 ವರ್ಷ. ಹೆಂಡತಿ, ಮಕ್ಕಳಿಗೆ ಆಸರೆಯಾಗಲಿ ಅಂತ ಹಳೆಯ ಆಟಗಾರರು ಸೇರಿ ಒಂದು ಪಂದ್ಯ ಇಟ್ಟುಕೊಂಡರು. ದೊಡ್ಡ ಮೈದಾನ ಅಂದರೆ ಪಾರ್ಕ್ ಈ ಕ್ವೀವ್. ಆದರೆ ಅದು ಗೇಲಿಕ್ ಆಟಗಳ ಸಂಘದ್ದು, ಅಲ್ಲಿ ಸಾಕರ್ ಆಡುವ ಹಾಗಿಲ್ಲ ಅನ್ನುವುದು ಆಗ ಅವರ ನಿಯಮವಾಗಿತ್ತು. ಮೊದಲು ಆಗಲ್ಲ ಅಂದರು. ಜನ ಬಿಡಲಿಲ್ಲ. ಕೊನೆಗೆ ಸಂಘ ಒಪ್ಪಿತು, ಸೆಪ್ಟೆಂಬರ್ 25ರಂದು ಸುಮಾರು 45,000 ಜನರ ಮುಂದೆ ಪಂದ್ಯ ನಡೆಯಿತು. ಯಾವ ನಿಯಮ ಎಷ್ಟು ಬಿಗಿ, ಯಾವಾಗ ಸಡಿಲ ಅನ್ನುವುದನ್ನು ಈ ದೇಶದಲ್ಲಿ ಅರ್ಥ ಮಾಡಿಕೊಳ್ಳೋಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಕ್ಕಳಿರುವವರಿಗೆ ಒಂದು ಮಾತು. ಹಿಂದೆ ಇಲ್ಲಿನ ಒಳ್ಳೆಯ ಹುಡುಗರು ಹದಿನೈದು ಹದಿನಾರಕ್ಕೇ ಇಂಗ್ಲೆಂಡಿನ ಕ್ಲಬ್‌ಗಳಿಗೆ ಹೋಗಿಬಿಡುತ್ತಿದ್ದರು. ಬ್ರೆಕ್ಸಿಟ್ ಆದ ಮೇಲೆ 18 ತುಂಬುವವರೆಗೆ ಹೋಗುವ ಹಾಗಿಲ್ಲ. ಹಾಗಾಗಿ ಇಲ್ಲಿನ ಕ್ಲಬ್‌ಗಳ ಬೆಲೆ ಏರಿದೆ. ಚೆಲ್ಸಿಯಲ್ಲಿ ಆಡಿದ್ದ, ದೇಶಕ್ಕೆ 100 ಪಂದ್ಯ ಆಡಿದ ಡೇಮಿಯನ್ ಡಫ್ ವಾಪಸ್ ಬಂದು ಚಿಕ್ಕ ಹುಡುಗರಿಗೆ ಕಲಿಸಿದರು. ಆಮೇಲೆ ಶೆಲ್ಬರ್ನ್ ಕ್ಲಬ್‌ನ ಮ್ಯಾನೇಜರ್ ಆದರು. 2024ರಲ್ಲಿ ಕೊನೆಯ ದಿನ ಡೆರಿಯಲ್ಲಿ ಗೆದ್ದು ಲೀಗ್ ಕಪ್ಪು ಮನೆಗೆ ತಂದರು, 18 ವರ್ಷದ ನಂತರ. ನಿಮ್ಮ ಏರಿಯಾದ ಮಕ್ಕಳ ಕ್ಲಬ್ ಯಾವುದು ಅಂತ ಸ್ಕೂಲಿನಲ್ಲಿ ಕೇಳಿ ಸೇರಿಸಿ. ಅಲ್ಲಿ ತರಬೇತಿ ಕೊಡುವವರು ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವ ಅಪ್ಪ ಅಮ್ಮಂದಿರು. ನೀವೂ ಕೈಜೋಡಿಸಿ. ಮಕ್ಕಳ ಜೊತೆ ಇರಬೇಕಾದರೆ ಗಾರ್ಡಾ ವೆಟಿಂಗ್ (ಇಲ್ಲಿನ ಪೊಲೀಸರ ಹಿನ್ನೆಲೆ ತಪಾಸಣೆ) ಆಗಬೇಕು, ಕ್ಲಬ್‌ನವರೇ ಮಾಡಿಸುತ್ತಾರೆ. ಲೀಗ್ ಪಂದ್ಯಗಳು ಫೆಬ್ರವರಿಯಿಂದ ನವೆಂಬರ್‌ವರೆಗೆ, ಹೆಚ್ಚಾಗಿ ಶುಕ್ರವಾರ ಸಂಜೆ. ಡಬ್ಲಿನ್‌ನ ಟೋಲ್ಕಾ ಪಾರ್ಕ್ ಅಥವಾ ಡೇಲಿಮೌಂಟ್ ಮೈದಾನಕ್ಕೆ ಮನೆಮಂದಿಯೆಲ್ಲ ಹೋಗಿ ಬನ್ನಿ.

ಇಂಥ ಆಟಗಾರರು ಎದುರಿಗೇ ಸಿಕ್ಕರೆ? ಸಿಗುತ್ತಾರೆ, ಇದು ಚಿಕ್ಕ ದೇಶ. ಸರ್ ಅನ್ನಬೇಡಿ. ಇಲ್ಲಿ ಎಲ್ಲರೂ ಪಾಲ್, ನೈಲ್, ಪ್ಯಾಕಿ. ಮೊಬೈಲ್ ತೆಗೆದು ಮುಖಕ್ಕೆ ಹಿಡಿಯಬೇಡಿ. ಒಮ್ಮೆ ಊರಾಚೆಯ ಪುಟ್ಟ ಅಂಗಡಿಯಲ್ಲಿ ನನ್ನ ಮುಂದೆ ಬಿಳಿ ಕೂದಲಿನವರೊಬ್ಬರು ಬ್ರೆಡ್ಡು, ಹಾಲು ಹಿಡಿದು ನಿಂತಿದ್ದರು. ಕುಂಟುತ್ತಿದ್ದರು. ಅಂಗಡಿಯಾಕೆ ಮಳೆಯ ಬಗ್ಗೆ ಏನೋ ಅಂದರು, ಅವರು ನಕ್ಕು ಚಿಲ್ಲರೆ ಎಣಿಸಿ ಕೊಟ್ಟು ಹೋದರು. ಬಾಗಿಲು ಮುಚ್ಚಿದ ಮೇಲೆ ಆಕೆ ನನ್ನ ಬ್ರೆಡ್ಡಿಗೆ ಕೈ ಹಾಕದೆ ಕಿಟಕಿಯಿಂದ ಅವರು ಕಾರು ಹತ್ತುವವರೆಗೂ ನೋಡುತ್ತಾ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು, "ಅವರು ಯಾರು ಅಂತ ಗೊತ್ತಾಯ್ತಾ ನಿಮಗೆ?"