ಒಂದೇ ಸುದ್ದಿ, ಹಲವು ಪತ್ರಿಕೆ: ಒಲವನ್ನು ಪತ್ತೆಹಚ್ಚುವುದು ಹೇಗೆ?

ಒಂದು ಸುಳ್ಳನ್ನೂ ಬರೆಯದೆ ಪತ್ರಿಕೆಯೊಂದು ಪಕ್ಷ ವಹಿಸಬಹುದು. ಯಾರ ಮಾತಿಗೆ ಮೊದಲ ಪ್ಯಾರಾ ಸಿಕ್ಕಿತು, ಯಾರ ಮಾತು ಒಳಪುಟದ ಮೂಲೆಗೆ ಸರಿಯಿತು ಎಂಬುದರಲ್ಲೇ ಆ ಕೆಲಸ ಮುಗಿದಿರುತ್ತದೆ. ಇನ್ನೊಂದು ಪತ್ರಿಕೆಯನ್ನು ಪಕ್ಕದಲ್ಲಿ ಹರಡಿಕೊಳ್ಳದೆ ಇದು ಕಣ್ಣಿಗೆ ಬೀಳುವುದಿಲ್ಲ.

ಮೊದಲು ಒಂದೇ ದಿನದ ಮೂರ್ನಾಲ್ಕು ಪತ್ರಿಕೆಗಳಿಂದ ಒಂದೇ ಘಟನೆಯ ವರದಿಗಳನ್ನು ಆರಿಸಿಕೊಳ್ಳಿ. ಸಂಪಾದಕೀಯ, ಅಂಕಣಗಳು ಬೇಡ. ಅಭಿಪ್ರಾಯ ಅಲ್ಲಿ ಇರಬೇಕಾದದ್ದೇ. ರಾಯಿಟರ್ಸ್, ಎಪಿ, ಪಿಟಿಐನಂಥ ಸುದ್ದಿಸಂಸ್ಥೆಯ ಒಂದೇ ವರದಿಯನ್ನು ಎರಡು ಪತ್ರಿಕೆಗಳು ಬಳಸಿದ್ದರೆ ಕೆಲಸ ಹಗುರ. ಯಾವ ಸಾಲಿಗೆ ಕತ್ತರಿ ಬಿದ್ದಿದೆ, ತಲೆಬರಹ ಹೇಗೆ ಬದಲಾಗಿದೆ ಎಂಬುದು ನೇರವಾಗಿ ಕಾಣುತ್ತದೆ. ಜಾಗ ಸಾಲದೆಯೂ ಸಾಲುಗಳು ಹೋಗುತ್ತವೆ, ಆದ್ದರಿಂದ ತೀರ್ಪಿಗೆ ಅವಸರ ಬೇಡ.

ನಂತರ ತಲೆಬರಹ. ‘ಪೊಲೀಸರ ಗುಂಡಿಗೆ ಇಬ್ಬರು ಬಲಿ’ ಎಂದು ಒಂದು ಪತ್ರಿಕೆ, ‘ಹಿಂಸಾಚಾರ: ಇಬ್ಬರ ಸಾವು’ ಎಂದು ಇನ್ನೊಂದು ಬರೆದಿದೆ ಎಂದುಕೊಳ್ಳಿ. ಎರಡೂ ನಿಜವೇ, ಆದರೆ ಎರಡನೆಯದರಲ್ಲಿ ಗುಂಡು ಹಾರಿಸಿದವರು ಮಾಯವಾಗಿದ್ದಾರೆ. ಒಳಗಿನ ಕ್ರಿಯಾಪದಗಳನ್ನೂ ಬಿಡಬೇಡಿ. ಒಬ್ಬ ನಾಯಕ ‘ಸ್ಪಷ್ಟಪಡಿಸಿದರೆ’ ಮತ್ತೊಬ್ಬ ‘ಕಿಡಿಕಾರುತ್ತಾನೆ’. ‘ಹೇಳಿದರು’ ಎಂಬಷ್ಟು ನಿಷ್ಪಕ್ಷಪಾತ ಪದ ಬೇರೊಂದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಹಂತ ಮುಂದಿನದು. ಪೆನ್ಸಿಲ್ ಹಿಡಿದು, ಪ್ರತಿ ವಾಕ್ಯದ ಪಕ್ಕದಲ್ಲಿ ‘ಇದನ್ನು ಹೇಳಿದವರು ಯಾರು?’ ಎಂಬ ಪ್ರಶ್ನೆಗೆ ಉತ್ತರ ಬರೆಯಿರಿ. ಉದಾಹರಣೆಗೆ, 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ನೂಕುನುಗ್ಗಲು ಉಂಟಾಗಿ, ಕೊನೆಗೆ ಲಿವರ್‌ಪೂಲ್ ಫುಟ್‌ಬಾಲ್ ತಂಡದ 97 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಅದೇ ತಂಡದ ಕೆಲವು ಅಭಿಮಾನಿಗಳು ಸಂತ್ರಸ್ತರ ಜೇಬಿಗೇ ಕೈಹಾಕಿದರು ಎಂಬ ಆರೋಪ ಪೊಲೀಸ್ ಮೂಲಗಳಿಂದ ಸುದ್ದಿಸಂಸ್ಥೆಗೆ, ಅಲ್ಲಿಂದ ಹಲವು ಪತ್ರಿಕೆಗಳಿಗೆ ತಲುಪಿತು. ಬೇರೆ ಪತ್ರಿಕೆಗಳು ಅದನ್ನು ಆರೋಪವೆಂದು ಅಚ್ಚು ಹಾಕಿದರೆ, ‘ದಿ ಸನ್’ ಏಪ್ರಿಲ್ 19ರ ಮುಖಪುಟದಲ್ಲಿ ‘ಸತ್ಯ’ ಎಂದೇ ದಪ್ಪಕ್ಷರದ ತಲೆಬರಹ ಕೊಟ್ಟಿತು. ಆ ಆರೋಪಗಳಿಗೆ ಆಧಾರವಿಲ್ಲವೆಂದು 2012ರಲ್ಲಿ ಸ್ವತಂತ್ರ ಸಮಿತಿ ಹೇಳಿದಾಗ ಅದೇ ಪತ್ರಿಕೆ ಮುಖಪುಟದಲ್ಲಿ ಕ್ಷಮೆ ಕೇಳಬೇಕಾಯಿತು. ತಲೆಬರಹದಲ್ಲಿ ‘ಎಂದು ಪೊಲೀಸರು ಹೇಳಿದ್ದಾರೆ’ ಎಂಬ ಮೂರ್ನಾಲ್ಕು ಪದಗಳು ಇರುವುದಕ್ಕೂ ಇಲ್ಲದಿರುವುದಕ್ಕೂ ಇಷ್ಟು ವ್ಯತ್ಯಾಸ. ಮಕ್ಕಳನ್ನು ಕಳೆದುಕೊಂಡ ಮನೆಗಳು ಆ ಕಳಂಕವನ್ನು 23 ವರ್ಷ ಹೊತ್ತವು.

ಬಿಟ್ಟುಹೋದದ್ದನ್ನು ಹುಡುಕಲು ಹಾಳೆಯ ಮೇಲೆ ಪತ್ರಿಕೆಗೊಂದು ಅಂಕಣ ಎಳೆದು, ಎಲ್ಲ ವಿವರಗಳನ್ನೂ ಪಟ್ಟಿ ಮಾಡಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಅಂಕಿಸಂಖ್ಯೆ, ಸಾಕ್ಷಿ, ಹಿನ್ನೆಲೆ ತಾನಾಗಿ ಎದ್ದು ಕಾಣುತ್ತವೆ.

ಒಂದು ದಿನದ ಹೋಲಿಕೆಯಿಂದ ಪತ್ರಿಕೆಗೆ ಹಣೆಪಟ್ಟಿ ಹಚ್ಚುವುದು ಅನ್ಯಾಯ. ಪಾತ್ರಗಳು ಅದಲುಬದಲಾದ ಅಂಥದ್ದೇ ಘಟನೆ ನಡೆದಾಗ ಅದೇ ಪತ್ರಿಕೆ ಏನು ಬರೆಯಿತು ಎಂಬುದನ್ನೂ ತೆಗೆದು ನೋಡಿ. 1983ರಲ್ಲಿ ಸೋವಿಯತ್ ಯುದ್ಧವಿಮಾನ ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತು, ಸತ್ತವರು 269. 1988ರಲ್ಲಿ ಅಮೆರಿಕದ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆಯಿತು, ಸತ್ತವರು 290. ಅಮೆರಿಕದ ‘ನ್ಯೂಸ್‌ವೀಕ್’ ವಾರಪತ್ರಿಕೆ ಮೊದಲನೆಯದಕ್ಕೆ ಕೊಟ್ಟ ಮುಖಪುಟ ಶೀರ್ಷಿಕೆ ‘ಆಕಾಶದಲ್ಲಿ ಕೊಲೆ’, ಎರಡನೆಯದಕ್ಕೆ ‘ಅದೇಕೆ ನಡೆಯಿತು’.